ಸತ್ತವರು ಎದ್ದು ಬಂದರೆ ಮನೆಯಲ್ಲಿ ನೀರೆಷ್ಟಿರಬೇಕು?

ಜೋಂಬಿ ದಾಳಿಯ ನೆಪದಲ್ಲಿ ಅಮೆರಿಕ ಹೇಳಿಕೊಟ್ಟ ವಿಪತ್ತಿನ ಪಾಠ. ನಗು ಎಷ್ಟು, ಉಪಯೋಗ ಎಷ್ಟು?

ಅಮೆರಿಕದ ಅಟ್ಲಾಂಟಾ ನಗರದಲ್ಲಿರುವ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು ಹಾಸ್ಯಕ್ಕೆ ಹೆಸರಾದ ಸಂಸ್ಥೆಯಲ್ಲ. ಸಿಡಿಸಿ ಎಂಬ ಮೂರಕ್ಷರಗಳಿಂದ ಜಗತ್ತಿನಾದ್ಯಂತ ಪರಿಚಿತವಾಗಿರುವ ಈ ಸರ್ಕಾರಿ ಸಂಸ್ಥೆಯ ಕೆಲಸವೆಂದರೆ ಸಾಂಕ್ರಾಮಿಕ ರೋಗಗಳ ಜಾಡು ಹಿಡಿಯುವುದು, ಲಸಿಕೆಯ ಬಗ್ಗೆ ಸಲಹೆ ನೀಡುವುದು, ವಿಪತ್ತಿನ ಮುನ್ನ ಜನರನ್ನು ಎಚ್ಚರಿಸುವುದು. ಇಂಥ ಗಂಭೀರ ಸಂಸ್ಥೆಯ ಅಂತರ್ಜಾಲ ತಾಣದಲ್ಲಿ 2011ರ ಮೇ 16ರಂದು ಒಂದು ವಿಚಿತ್ರ ಬರಹ ಕಾಣಿಸಿಕೊಂಡಿತು. ಸತ್ತವರು ಎದ್ದು ಬಂದು ಬದುಕಿದ್ದವರನ್ನು ಕಚ್ಚತೊಡಗಿದರೆ ಪಾರಾಗುವುದು ಹೇಗೆ ಎಂಬುದೇ ಅದರ ವಿಷಯ.

ಬರೆದವರು ಸಾಮಾನ್ಯರಲ್ಲ. ಸಂಸ್ಥೆಯ ವಿಪತ್ತು ಸನ್ನದ್ಧತಾ ವಿಭಾಗದ ಅಂದಿನ ನಿರ್ದೇಶಕ ಡಾ. ಅಲಿ ಎಸ್. ಖಾನ್. ಎಬೋಲಾದಂಥ ಭೀಕರ ರೋಗಗಳ ಬೆನ್ನು ಹತ್ತಿ ದೇಶ ದೇಶ ತಿರುಗಿದ ವೈದ್ಯರವರು. ಅವರ ಬರಹವನ್ನು ಓದಲು ಜನ ಮುಗಿಬಿದ್ದ ಪರಿಗೆ ತಾಣವೇ ಕುಸಿದು ಕೆಲಕಾಲ ತೆರೆಯದಾಯಿತು. ಚಂಡಮಾರುತ ಬರುತ್ತಿದೆ, ಎಚ್ಚರಿಕೆ ಎಂದು ಬರೆದಾಗ ಎಂದೂ ಸೇರದ ಗುಂಪು, ಜೋಂಬಿ ಬರುತ್ತಿದೆ ಎಂದಾಗ ಸೇರಿತ್ತು.

ಇದು ನಡೆದು ದಶಕವೇ ಕಳೆದಿದೆ. ನಡುವೆ ಒಂದು ನಿಜವಾದ ಮಹಾಮಾರಿಯನ್ನೂ ಜಗತ್ತು ಕಂಡಿದೆ. ಹಾಗಾಗಿ ಈಗ ಆ ತಮಾಷೆಯ ಲೆಕ್ಕ ಹಾಕಬಹುದು. ನಕ್ಕ ಜನ ಸಿದ್ಧರಾದರೇ? ಅಥವಾ ನಕ್ಕು ಮರೆತರೇ?

ಏನಿದು ಜೋಂಬಿ?

ವಿಕ್ರಮಾದಿತ್ಯನ ಕಥೆ ಕೇಳಿ ಬೆಳೆದವರಿಗೆ ಎದ್ದು ಬರುವ ಹೆಣ ಹೊಸದಲ್ಲ. ಆದರೆ ಬೇತಾಳ ಮಾತು ಬಲ್ಲದು, ಒಗಟು ಹೇಳಬಲ್ಲದು, ರಾಜನನ್ನು ಪರೀಕ್ಷೆಗೆ ಒಡ್ಡಬಲ್ಲದು. ಜೋಂಬಿಗೆ ಮಾತಿಲ್ಲ, ಬುದ್ಧಿಯಿಲ್ಲ, ಇಚ್ಛೆಯಿಲ್ಲ. ಹಸಿವೊಂದೇ ಉಂಟು.

ಈ ಕಲ್ಪನೆಯ ತವರು ಕೆರಿಬಿಯನ್ ದ್ವೀಪರಾಷ್ಟ್ರ ಹೈಟಿ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ದುಡಿಯಲು ಆಫ್ರಿಕಾದಿಂದ ಹೊತ್ತು ತಂದ ಗುಲಾಮರ ನಂಬಿಕೆಗಳಲ್ಲಿ ಅದು ಬೆಳೆಯಿತು. ಜೋಂಬಿ ಅಲ್ಲಿ ಕಚ್ಚುವ ಭೂತವಾಗಿರಲಿಲ್ಲ. ಮಾಂತ್ರಿಕನೊಬ್ಬ ಎಬ್ಬಿಸಿ ಚಾಕರಿಗೆ ಹಚ್ಚಿದ ಹೆಣವಾಗಿತ್ತು. ಸತ್ತರೂ ಜೀತ ತಪ್ಪದು ಎಂಬ ಭಯವೇ ಅದರ ಮೂಲ. 1915ರಿಂದ 1934ರವರೆಗೆ ಹೈಟಿ ಅಮೆರಿಕದ ಸೇನೆಯ ಹಿಡಿತದಲ್ಲಿತ್ತು. ಆಗಲೇ ಈ ಕಥೆಗಳು ಅಮೆರಿಕಕ್ಕೆ ದಾಟಿದವು. 1929ರಲ್ಲಿ ವಿಲಿಯಂ ಸೀಬ್ರೂಕ್ ಅವರ ಪ್ರವಾಸ ಕೃತಿ, 1932ರಲ್ಲಿ 'ವೈಟ್ ಜೋಂಬಿ' ಚಲನಚಿತ್ರ ಬಂದವು.

ಇಂದಿನ ಜೋಂಬಿಯನ್ನು ರೂಪಿಸಿದವರು ನಿರ್ದೇಶಕ ಜಾರ್ಜ್ ರೊಮೆರೊ. ಅವರ 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರದಲ್ಲಿ ಹೆಣಗಳಿಗೆ ಒಡೆಯನಿಲ್ಲ. ಅವು ತಾವಾಗಿ ಎದ್ದು ಬದುಕಿದ್ದವರನ್ನು ತಿನ್ನುತ್ತವೆ. ಮುಂದಿನ ದಶಕಗಳಲ್ಲಿ ಸಿನಿಮಾ, ವಿಡಿಯೊ ಗೇಮ್‌ಗಳು ಇದಕ್ಕೆ ವೈರಾಣುವಿನ ಕಾರಣ ಕೊಟ್ಟವು. ಮಾಟದ ಕಥೆ ಸಾಂಕ್ರಾಮಿಕ ರೋಗದ ಕಥೆಯಾಯಿತು. 2003ರಲ್ಲಿ ಮ್ಯಾಕ್ಸ್ ಬ್ರೂಕ್ಸ್ ಬರೆದ ಜೋಂಬಿ ಪಾರುಗಾಣಿಕೆಯ ಕೈಪಿಡಿಯಂತೂ ನಗದೆ ಹಾಸ್ಯ ಮಾಡುವ ಪುಸ್ತಕವಾಗಿ ಜನಪ್ರಿಯವಾಯಿತು. 2013ರಲ್ಲಿ 'ಗೋ ಗೋವಾ ಗಾನ್'ನಂಥ ಚಿತ್ರಗಳ ಮೂಲಕ ಜೋಂಬಿ ಹಿಂದಿ ಚಿತ್ರರಂಗಕ್ಕೂ ಕಾಲಿಟ್ಟಿತು.

ತಮಾಷೆ ಹುಟ್ಟಿದ ಬಗೆ

ಅಟ್ಲಾಂಟಿಕ್ ಸಾಗರದ ಚಂಡಮಾರುತ ಋತು ಪ್ರತಿವರ್ಷ ಜೂನ್ 1ಕ್ಕೆ ಆರಂಭವಾಗುತ್ತದೆ. ಅದಕ್ಕೂ ಮುನ್ನ ಜನರನ್ನು ಎಚ್ಚರಿಸುವುದು ಸಿಡಿಸಿಯ ವಾರ್ಷಿಕ ಕರ್ತವ್ಯ. ಆದರೆ ನೀರು ಕೂಡಿಡಿ, ಔಷಧ ಎತ್ತಿಡಿ ಎಂಬ ಅದೇ ಮಾತನ್ನು ವರ್ಷ ವರ್ಷ ಕೇಳಿ ಜನ ಕಿವಿಗೊಡುವುದನ್ನೇ ನಿಲ್ಲಿಸಿದ್ದರು. 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಮತ್ತು ಫುಕುಶಿಮಾ ಅಣು ದುರಂತ ಸಂಭವಿಸಿತು. ಆ ಹೊತ್ತಿನಲ್ಲಿ ಸಿಡಿಸಿ ಟ್ವಿಟರ್‌ನಲ್ಲಿ ಸಾರ್ವಜನಿಕರೊಡನೆ ನಡೆಸಿದ ಸಂವಾದದಲ್ಲಿ ಜೋಂಬಿಗಳ ಮಾತು ಬಂತು. ಸಂಸ್ಥೆಯ ಪ್ರಚಾರ ವಿಭಾಗದವರು ಇದನ್ನೇ ಹಿಡಿದರು.

ಈ ಪ್ರಚಾರಕ್ಕೆ ತಗುಲಿದ ವೆಚ್ಚ ಕೇವಲ 87 ಡಾಲರ್ ಎಂದು ಆಗ ವರದಿಯಾಗಿತ್ತು. ಅದೂ ಚಿತ್ರಗಳ ಖರೀದಿಗೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇದೇ ವಿಷಯದ ಚಿತ್ರಕಥಾ ಪುಸ್ತಕವನ್ನೂ ಸಂಸ್ಥೆ ಹೊರತಂದಿತು.

ಸಿಡಿಸಿಯ ತರ್ಕ ಸರಳವಾಗಿತ್ತು. ಜೋಂಬಿ ದಾಳಿಗೆ ಸಿದ್ಧನಾದವನು ಚಂಡಮಾರುತಕ್ಕೂ, ಭೂಕಂಪಕ್ಕೂ, ಮಹಾಮಾರಿಗೂ ಸಿದ್ಧನಾಗಿರುತ್ತಾನೆ. ಯಾವ ವಿಪತ್ತೇ ಬರಲಿ, ಮೊದಲ ಮೂರು ದಿನಗಳ ಕಷ್ಟ ಹೆಚ್ಚುಕಡಿಮೆ ಒಂದೇ. ನಲ್ಲಿಯಲ್ಲಿ ನೀರಿಲ್ಲ, ವಿದ್ಯುತ್ ಇಲ್ಲ, ಅಂಗಡಿ ಮುಚ್ಚಿದೆ, ಫೋನ್ ಸಿಗುತ್ತಿಲ್ಲ, ಮನೆಮಂದಿ ಚದುರಿದ್ದಾರೆ.

ಚೀಲದಲ್ಲಿ ಏನಿರಬೇಕು?

ಬರಹದಲ್ಲಿ ಬಂದೂಕಿಲ್ಲ, ಕೊಡಲಿಯಿಲ್ಲ. ಇದ್ದದ್ದು ಮನೆಬಳಕೆಯ ಸಾಮಾನುಗಳ ಪಟ್ಟಿ:

* ನೀರು: ತಲಾ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್. ಕುಡಿಯಲು ಮಾತ್ರವಲ್ಲ, ಶುಚಿತ್ವಕ್ಕೂ ಸೇರಿ.
* ಆಹಾರ: ಬೇಗ ಕೆಡದ, ಮನೆಮಂದಿ ಎಂದಿನಂತೆ ತಿನ್ನುವ ಪದಾರ್ಥ.
* ಔಷಧ: ವೈದ್ಯರು ಬರೆದುಕೊಟ್ಟ ನಿತ್ಯದ ಮಾತ್ರೆಗಳು ಮತ್ತು ಸಾಮಾನ್ಯ ಔಷಧಗಳು.
* ಉಪಕರಣ: ಚಾಕು, ಅಂಟುಪಟ್ಟಿ, ಬ್ಯಾಟರಿಯಿಂದ ನಡೆಯುವ ರೇಡಿಯೊ.
* ಶುಚಿತ್ವ: ಸಾಬೂನು, ಟವೆಲ್, ಬ್ಲೀಚ್.
* ಬಟ್ಟೆ: ಪ್ರತಿಯೊಬ್ಬರಿಗೂ ಒಂದು ಜೊತೆ ಉಡುಪು, ಹೊದಿಕೆ.
* ದಾಖಲೆ: ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ ಇತ್ಯಾದಿಗಳ ಪ್ರತಿ.
* ಪ್ರಥಮ ಚಿಕಿತ್ಸೆಯ ಪೆಟ್ಟಿಗೆ.

ಕೊನೆಯ ವಸ್ತುವಿನ ಬಳಿ ಖಾನ್ ಸಣ್ಣದೊಂದು ಚಟಾಕಿ ಹಾರಿಸಿದ್ದರು. ಜೋಂಬಿ ಕಚ್ಚಿದರೆ ಈ ಪೆಟ್ಟಿಗೆ ಪ್ರಯೋಜನಕ್ಕೆ ಬಾರದು, ಆದರೆ ಸುಂಟರಗಾಳಿಯಲ್ಲಿ ಆದ ಗಾಯಕ್ಕೆ ಪಟ್ಟಿ ಕಟ್ಟಲು ಬರುತ್ತದೆ ಎಂಬುದು ಅದರ ತಾತ್ಪರ್ಯ.

ಸಾಮಾನು ಕೂಡಿಸಿದರಷ್ಟೇ ಸಾಲದು, ಮನೆಮಂದಿ ಕುಳಿತು ನಾಲ್ಕು ವಿಷಯ ನಿಶ್ಚಯಿಸಬೇಕು ಎಂದೂ ಬರಹ ಹೇಳಿತ್ತು. ತಮ್ಮ ಪ್ರದೇಶದಲ್ಲಿ ಯಾವ ವಿಪತ್ತು ಸಂಭವನೀಯ? ಚದುರಿದರೆ ಎಲ್ಲಿ ಸೇರುವುದು? ಯಾರಿಗೆ ಫೋನ್ ಮಾಡುವುದು? ಯಾವ ದಾರಿಯಲ್ಲಿ ಊರು ಬಿಡುವುದು? ಸೇರುವ ಜಾಗ ಎರಡಿರಬೇಕು. ಒಂದು ಮನೆಯ ಪಕ್ಕದಲ್ಲಿ, ಮತ್ತೊಂದು ಬಡಾವಣೆಯ ಹೊರಗೆ. ಫೋನ್ ಪಟ್ಟಿಯಲ್ಲಿ ಹೊರರಾಜ್ಯದ ಬಂಧುವೊಬ್ಬರ ಸಂಖ್ಯೆಯೂ ಇರಬೇಕು. ಒಂದೇ ವಿಪತ್ತಿಗೆ ಊರಿನವರೆಲ್ಲ ಒಟ್ಟಿಗೆ ಸಿಲುಕಿದಾಗ, ಯಾರು ಎಲ್ಲಿದ್ದಾರೆಂದು ಕೇಳಿ ತಿಳಿಯಲು ದೂರದವರೇ ದಿಕ್ಕು.

ಗಣಿತಜ್ಞರ ಲೆಕ್ಕಾಚಾರ

ಸಿಡಿಸಿಗೂ ಮೊದಲೇ ವಿದ್ವಾಂಸರು ಜೋಂಬಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಕೆನಡಾದ ಒಟ್ಟಾವದಲ್ಲಿ ಗಣಿತಜ್ಞ ರಾಬರ್ಟ್ ಸ್ಮಿತ್ ಮತ್ತು ವಿದ್ಯಾರ್ಥಿಗಳು 2009ರಲ್ಲಿ ಜೋಂಬಿ ಸೋಂಕಿನ ಗಣಿತ ಮಾದರಿಯನ್ನು ಪ್ರಕಟಿಸಿದರು. ಅಂದಹಾಗೆ, ಈ ಗಣಿತಜ್ಞರು ತಮ್ಮ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಸೇರಿಸಿಕೊಂಡವರು.

ಸಾಮಾನ್ಯ ರೋಗದ ಮಾದರಿಯಲ್ಲಿ ಸತ್ತವರು ಲೆಕ್ಕದಿಂದ ಹೊರಬೀಳುತ್ತಾರೆ. ಜೋಂಬಿ ಮಾದರಿಯಲ್ಲಿ ಅವರು ಶತ್ರುವಿನ ಪಾಳೆಯಕ್ಕೆ ಸೇರಿ ಮರಳಿ ಬರುತ್ತಾರೆ. ಹೀಗಾಗಿ ಪ್ರತ್ಯೇಕವಾಸದಿಂದ ಹೆಚ್ಚಿನ ಲಾಭವಿಲ್ಲ. ಔಷಧ ದೊರೆತರೂ ಅಲ್ಪಸಂಖ್ಯೆಯ ಮನುಷ್ಯರು ಮಾತ್ರ ಉಳಿದಾರು. ಆರಂಭದಲ್ಲೇ, ಪೂರ್ಣ ಬಲದಿಂದ, ಮತ್ತೆ ಮತ್ತೆ ಎದುರಿಸಿದರೆ ಮಾತ್ರ ನಾಗರಿಕತೆ ಉಳಿಯುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಜೋಂಬಿಯನ್ನು ಬದಿಗಿಟ್ಟರೂ ವಿಳಂಬದ ಬೆಲೆ ಕುರಿತ ಈ ಮಾತು ಯಾವುದೇ ಸಾಂಕ್ರಾಮಿಕಕ್ಕೂ ಒಪ್ಪುವಂಥದ್ದು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇಡೀ ದೇಶದ ನಕ್ಷೆಯ ಮೇಲೆ ಈ ಲೆಕ್ಕ ಹಾಕಿದರು. ಸಿನಿಮಾಗಳಲ್ಲಿ ಎಲ್ಲ ನಗರಗಳೂ ಏಕಕಾಲಕ್ಕೆ ಉರುಳುತ್ತವೆ. ಲೆಕ್ಕ ಹೇಳಿದ್ದೇ ಬೇರೆ. ಜನದಟ್ಟಣೆಯ ನಗರಗಳು ಬೇಗ ಬೀಳುತ್ತವೆ. ಜನ ವಿರಳವಾದ ಪ್ರದೇಶಗಳನ್ನು ತಲುಪಲು ಸೋಂಕಿಗೆ ವಾರಗಳು, ದುರ್ಗಮ ಬೆಟ್ಟಸಾಲುಗಳಿಗೆ ತಿಂಗಳುಗಳು ಬೇಕಾಗುತ್ತವೆ. ರಾಕಿ ಪರ್ವತಗಳ ಉತ್ತರ ಭಾಗಕ್ಕೆ ಓಡುವುದೇ ಲೇಸೆಂಬುದು ಅವರ ಸಲಹೆ.

ಸೇನೆಯ ಕಡತ 8888

ಸೇನೆಯೂ ಹಿಂದೆ ಬೀಳಲಿಲ್ಲ. ಅಮೆರಿಕದ ಅಣ್ವಸ್ತ್ರಗಳ ಹೊಣೆ ಹೊತ್ತ ವ್ಯೂಹಾತ್ಮಕ ಕಮಾಂಡ್‌ನ ಕಡತದಲ್ಲಿ ಜೋಂಬಿ ವಿರೋಧಿ ಸಮರದ ಸಂಪೂರ್ಣ ಯೋಜನೆಯೊಂದಿತ್ತು. ಅದರ ಹೆಸರು 'ಕಾನ್‌ಪ್ಲಾನ್ 8888'. ದಿನಾಂಕ 2011ರ ಏಪ್ರಿಲ್ 30, ಅಂದರೆ ಸಿಡಿಸಿ ಬರಹಕ್ಕೆ ಕೇವಲ 16 ದಿನ ಮೊದಲು. 2014ರ ಮೇ ತಿಂಗಳಲ್ಲಿ 'ಫಾರಿನ್ ಪಾಲಿಸಿ' ಪತ್ರಿಕೆ ಅದನ್ನು ಬಯಲಿಗೆ ತಂದಿತು. ಕಡತದಲ್ಲಿ ಮಾಟದ ಜೋಂಬಿ, ಸಸ್ಯಾಹಾರಿ ಜೋಂಬಿ, ಕೋಳಿ ಜೋಂಬಿ ಎಂಬ ವರ್ಗೀಕರಣವೂ ಇತ್ತು.

ಇದು ಕಿರಿಯ ಅಧಿಕಾರಿಗಳಿಗೆ ಯೋಜನೆ ಬರೆಯುವುದನ್ನು ಕಲಿಸಲು ಸಿದ್ಧಪಡಿಸಿದ ಅಭ್ಯಾಸ ಪಾಠ. ಅಭ್ಯಾಸಕ್ಕೆ ನಿಜವಾದ ದೇಶವೊಂದರ ಹೆಸರು ಬಳಸಿದರೆ, ಆ ದೇಶದ ಮೇಲೆ ದಾಳಿಗೆ ಸಿದ್ಧತೆ ನಡೆದಿದೆ ಎಂದು ಯಾರಾದರೂ ತಪ್ಪು ತಿಳಿಯಬಹುದು. ಜೋಂಬಿಗಳಾದರೆ ಆ ಭಯವಿಲ್ಲ. ಅವುಗಳಿಗೆ ರಾಯಭಾರಿಯಿಲ್ಲ.

ಬ್ರಿಟನ್ನಿನಲ್ಲಿ 2011ರ ಜೂನ್‌ನಲ್ಲಿ ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಲೆಸ್ಟರ್ ನಗರಸಭೆಗೆ ಅರ್ಜಿ ಹಾಕಿ, ಜೋಂಬಿ ದಾಳಿಗೆ ನಿಮ್ಮ ಸಿದ್ಧತೆಯೇನು ಎಂದು ಕೇಳಿದರು. ಪ್ರತ್ಯೇಕ ಯೋಜನೆಯಿಲ್ಲವೆಂದು ಒಪ್ಪಿಕೊಂಡ ನಗರಸಭೆ, ಇತರ ವಿಪತ್ತುಗಳಿಗೆ ಮಾಡಿದ ಸಿದ್ಧತೆಯ ಕೆಲವು ಅಂಶಗಳು ಇದಕ್ಕೂ ಅನ್ವಯಿಸಬಹುದೆಂದಿತು. ಸಿಡಿಸಿಯ ತರ್ಕವೇ ಅಲ್ಲಿ ತಲೆಕೆಳಗಾಗಿ ನಿಂತಿತ್ತು.

ನಗೆ ಕೆಲಸ ಮಾಡಿತೇ?

ಓದುಗರ ಸಂಖ್ಯೆಯಷ್ಟನ್ನೇ ನೋಡಿದರೆ ಇಂಥ ಯಶಸ್ಸು ಅಪರೂಪ. ಆದರೆ ಓದಿದವರು ನೀರು ಕೂಡಿಟ್ಟರೇ ಎಂಬುದು ಬೇರೆಯೇ ಪ್ರಶ್ನೆ. ಸಂವಹನ ಶಾಸ್ತ್ರದ ಇಬ್ಬರು ಸಂಶೋಧಕರು 2015ರಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಜೋಂಬಿಯ ಹಾಸ್ಯ ಬೆರೆತ ಸಂದೇಶ ಓದಿದವರಲ್ಲಿ ಮುಂಜಾಗ್ರತೆ ಕೈಗೊಳ್ಳುವ ಇರಾದೆ, ಹಾಸ್ಯವಿಲ್ಲದ ಸಾದಾ ಸಂದೇಶ ಓದಿದವರಿಗಿಂತ ಕಡಿಮೆಯಿತ್ತು. ಹಾಸ್ಯ ಬಾಗಿಲು ತೆರೆಸುತ್ತದೆ, ಆದರೆ ಅಪಾಯವನ್ನು ಹಗುರವಾಗಿಯೂ ಕಾಣಿಸುತ್ತದೆ.

ಇನ್ನೊಂದು ಇಕ್ಕಟ್ಟೂ ಎದುರಾಯಿತು. 2012ರ ಮೇ ತಿಂಗಳ ಕೊನೆಯಲ್ಲಿ ಮಯಾಮಿ ನಗರದಲ್ಲಿ ವ್ಯಕ್ತಿಯೊಬ್ಬ ಮತ್ತೊಬ್ಬನ ಮೇಲೆರಗಿ ಮುಖವನ್ನು ಕಚ್ಚಿ ತಿಂದ ಭೀಕರ ಘಟನೆ ನಡೆಯಿತು. ಜೋಂಬಿ ವದಂತಿ ಹಬ್ಬಿತು. ಸತ್ತವರನ್ನು ಎಬ್ಬಿಸುವ ಯಾವ ವೈರಾಣುವೂ ತಮಗೆ ತಿಳಿದಿಲ್ಲವೆಂದು ಅದೇ ಸಿಡಿಸಿಯ ವಕ್ತಾರರು ಸ್ಪಷ್ಟನೆ ನೀಡಬೇಕಾಯಿತು. ಒಂದು ವರ್ಷದ ಹಿಂದೆ ಮಾಡಿದ ಹಾಸ್ಯಕ್ಕೆ ಸರ್ಕಾರಿ ಸಂಸ್ಥೆ ತೆತ್ತ ತೆರಿಗೆಯದು.

ಇದಕ್ಕೆ ವ್ಯತಿರಿಕ್ತವಾದ ಸಾಕ್ಷ್ಯವೂ ಉಂಟು. ಕೋವಿಡ್ ಆರಂಭದ ದಿನಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಿ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಯಾನಕ ಚಿತ್ರಗಳ ಅಭಿಮಾನಿಗಳು ಆ ಸಂಕಟವನ್ನು ಹೆಚ್ಚು ಧೈರ್ಯದಿಂದ ಎದುರಿಸಿದ್ದು ಕಂಡುಬಂತು. ಜೋಂಬಿ, ಪ್ರಳಯ, ಅನ್ಯಗ್ರಹದವರ ದಾಳಿಯಂಥ ಚಿತ್ರಗಳನ್ನು ಮೆಚ್ಚುವವರು ಧೈರ್ಯದ ಜೊತೆಗೆ ಸಿದ್ಧತೆಯಲ್ಲೂ ಮುಂದಿದ್ದರು. ಚಿತ್ರ ನೋಡಿದ್ದರಿಂದಲೇ ಸಿದ್ಧರಾದರೋ, ಸಿದ್ಧತೆಯ ಸ್ವಭಾವದವರೇ ಇಂಥ ಚಿತ್ರ ನೋಡುತ್ತಾರೋ ಎಂಬುದನ್ನು ಇಂಥ ಅಧ್ಯಯನದಿಂದ ನಿರ್ಧರಿಸಲಾಗದು. ಆದರೂ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಒಮ್ಮೆ ಓದಿ ನಕ್ಕ ಸಂದೇಶ ಬೇರೆ. 'ಈ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ' ಎಂದು ಗಂಟೆಗಟ್ಟಲೆ ಕಲ್ಪಿಸಿಕೊಂಡ ಅಭ್ಯಾಸ ಬೇರೆ.

ಕಲ್ಪನೆ ತಪ್ಪಿದ್ದು ಎಲ್ಲಿ?

ಜೋಂಬಿ ಕಥೆಯಲ್ಲಿ ರೋಗಿ ದೂರದಿಂದಲೇ ಗುರುತು ಸಿಗುತ್ತಾನೆ. ತೂರಾಡುವ ನಡಿಗೆ, ರಕ್ತಸಿಕ್ತ ಮುಖ. ನಿಜವಾದ ಮಹಾಮಾರಿ ಅಷ್ಟು ಪ್ರಾಮಾಣಿಕವಲ್ಲ. ಕೋವಿಡ್ ಲಕ್ಷಣವೇ ಇಲ್ಲದವರಿಂದಲೂ ಹರಡಿತು. ಪಕ್ಕದಲ್ಲಿ ಕುಳಿತು ನಗುತ್ತಾ ಮಾತನಾಡಿದ ಬಂಧುವೇ ಸೋಂಕು ತಂದಿರಬಹುದಿತ್ತು.

ಎರಡನೆಯದು ಕಡಿತದ ಮಾತು. ಕಚ್ಚಿದರೆ ಮುಗಿಯಿತು ಎಂಬುದು ಜೋಂಬಿ ಕಥೆಯ ನಿಯಮ. ಕಡಿತದಿಂದ ಹರಡಿ, ಮಿದುಳಿಗೇರಿ, ವರ್ತನೆಯನ್ನೇ ಬದಲಿಸುವ ನಿಜವಾದ ರೋಗವೊಂದಿದೆ. ಅದು ರೇಬೀಸ್. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59 ಸಾವಿರ ಜನ ಇದಕ್ಕೆ ಬಲಿಯಾಗುತ್ತಾರೆಂಬ ಅಂದಾಜಿದೆ. ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಅತಿ ವಿರಳ. ಆದರೆ ಕಡಿತವೇ ಇಲ್ಲಿ ಕೊನೆಯಲ್ಲ. ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆದರೆ ಜೀವ ಉಳಿಯುತ್ತದೆ. ಸುಣ್ಣ, ಖಾರದ ಪುಡಿ ಹಚ್ಚುತ್ತಾ ಕೂರುವುದು ಅಪಾಯಕಾರಿ. ಖಾನ್ ಅವರ ಚಟಾಕಿಯ ಪೆಟ್ಟಿಗೆ ಇಲ್ಲಿ ನಿಷ್ಪ್ರಯೋಜಕವಲ್ಲ. ಅದರ ಪಕ್ಕದಲ್ಲಿದ್ದ ಸಾಬೂನು ಜೀವರಕ್ಷಕ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಜೋಂಬಿ ಕಥೆ ಪಾರಾಗುವವನ ಕಥೆ. ಅವನ ಬಳಿ ವಾಹನವಿದೆ, ದಾಸ್ತಾನಿದೆ. 2005ರಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ, ಊರು ಬಿಡಿ ಎಂಬ ಆದೇಶ ಮೊದಲೇ ಬಂದಿತ್ತು. ಕಾರಿಲ್ಲದ ಬಡವರು, ವೃದ್ಧರು, ರೋಗಿಗಳು ಸಾವಿರಾರು ಸಂಖ್ಯೆಯಲ್ಲಿ ಅಲ್ಲೇ ಉಳಿದರು. ಭಾರತದಲ್ಲಿ 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಲಾಕ್‌ಡೌನ್ ಘೋಷಣೆಯಾಯಿತು, ಮಧ್ಯರಾತ್ರಿಗೆ ಜಾರಿಯಾಯಿತು. ಅಂದಿನ ಕೂಲಿಯಲ್ಲಿ ಅಂದಿನ ಅಕ್ಕಿ ಕೊಳ್ಳುವವನಿಗೆ ಮೂರು ದಿನದ ದಾಸ್ತಾನು ಎಂಬ ಸಲಹೆ ಸಲಹೆಯೇ ಅಲ್ಲ. ಅಂಥವರಿಗೆ ಮನೆಯ ಚೀಲಕ್ಕಿಂತ ನೆರೆಮನೆ, ಪಡಿತರ ಅಂಗಡಿ, ಸರ್ಕಾರ ಮುಖ್ಯ. ಮನೆಯ ಸಿದ್ಧತೆ ಆಡಳಿತದ ಹೊಣೆಗೆ ಬದಲಿಯಾಗಲಾರದು. ಶಕ್ತರಾದವರು ಮೊದಲ ಮೂರು ದಿನ ತಮ್ಮನ್ನು ತಾವು ನೋಡಿಕೊಂಡರೆ, ದೋಣಿಯೂ ಆಂಬುಲೆನ್ಸ್ ಕೂಡ ಅಶಕ್ತರ ಬಳಿಗೆ ಬೇಗ ತಲುಪುತ್ತವೆ. ಚೀಲದ ನಿಜವಾದ ಉಪಯೋಗ ಇದೇ.

ನಮ್ಮ ಊರಿಗೆ ಬಂದರೆ

ತಮ್ಮ ಪ್ರದೇಶದಲ್ಲಿ ಯಾವ ವಿಪತ್ತು ಸಂಭವನೀಯ ಎಂಬ ಮೊದಲ ಪ್ರಶ್ನೆಗೆ ಕನ್ನಡಿಗರು ದೂರ ಹೋಗಬೇಕಿಲ್ಲ. 2009ರಲ್ಲಿ ಉತ್ತರ ಕರ್ನಾಟಕದ ನೆರೆ, 2018ರಲ್ಲಿ ಕೊಡಗಿನ ಭೂಕುಸಿತ, 2019ರಲ್ಲಿ ಬೆಳಗಾವಿಯಿಂದ ಕರಾವಳಿಯವರೆಗೆ ಪ್ರವಾಹ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಐಟಿ ಬಡಾವಣೆಗಳಲ್ಲೇ ದೋಣಿ, ಟ್ರ್ಯಾಕ್ಟರ್‌ಗಳು ಓಡಾಡಿದವು.

ಸಿಡಿಸಿಯ ಪಟ್ಟಿಯನ್ನು ನಮ್ಮ ಮನೆಗೆ ಹೊಂದಿಸುವುದು ಕಷ್ಟವಲ್ಲ. ನಾಲ್ಕು ಜನರ ಕುಟುಂಬಕ್ಕೆ ಮೂರು ದಿನಕ್ಕೆ ಬೇಕಾದ ನೀರು ಸುಮಾರು 46 ಲೀಟರ್. ನಗರದ ಮನೆಗಳಿಗೆ ದಿನವೂ ಬರುವ 20 ಲೀಟರ್‌ನ ಕ್ಯಾನ್ ಎರಡು, ಜೊತೆಗೆ ಆರು ಬಾಟಲಿ. ಅವಲಕ್ಕಿ, ಹುರಿಗಡಲೆ, ಬೆಲ್ಲ, ಬಿಸ್ಕತ್ತಿಗೆ ಒಲೆ ಬೇಡ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುವ ಮೊದಲೇ ತರಬೇಕು. ಆಧಾರ್, ಪಡಿತರ ಚೀಟಿ, ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿಗಳ ಪ್ರತಿ ನೀರು ಹೊಗದ ಚೀಲದಲ್ಲಿರಬೇಕು. ನೆರೆ ಇಳಿದ ಮೇಲೆ ಪರಿಹಾರದ ಸರದಿಯಲ್ಲಿ ಮೊದಲು ಕೇಳುವುದು ದಾಖಲೆಗಳನ್ನೇ. ತುರ್ತು ಸಂಖ್ಯೆ 112, ಆಂಬುಲೆನ್ಸ್ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077. ಇವು ಮೊಬೈಲಿನಲ್ಲಿದ್ದರೆ ಸಾಲದು. ಅದರ ಚಾರ್ಜ್ ಮುಗಿದಾಗಲೂ ಓದಲು ಸಿಗುವಂತೆ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿರಬೇಕು.

ಇಷ್ಟಕ್ಕೆ ಬೇಕಾಗುವುದು ಒಂದು ಭಾನುವಾರದ ಮಧ್ಯಾಹ್ನ. ಮನೆಯ ಮಕ್ಕಳನ್ನು ಕೂರಿಸಿಕೊಂಡು 'ಜೋಂಬಿ ಬಂದರೆ ಎಲ್ಲಿ ಸೇರೋಣ' ಎಂದು ಕೇಳಿದರೆ ಅವರು ಉತ್ಸಾಹದಿಂದಲೇ ಉತ್ತರಿಸುತ್ತಾರೆ. ಸಿಡಿಸಿ ಕಂಡುಕೊಂಡ ಗುಟ್ಟು ಅಷ್ಟೇ. ಅಲ್ಲಿಗೆ ನಗು ಮುಗಿದು, ಕ್ಯಾನಿನ ಅಂಗಡಿಗೆ ಫೋನ್ ಹೋಗಬೇಕು. 2011ರಲ್ಲಿ ಆ ತಾಣಕ್ಕೆ ಮುಗಿಬಿದ್ದವರಲ್ಲಿ ಹಲವರು ಮಾಡದೆ ಬಿಟ್ಟಿರಬಹುದಾದ ಕೆಲಸವೂ ಅದೇ.